ಹಬ್ಬದ ಮನೆಗೆ ಹೊಸದೇನು?

ನವರಾತ್ರಿ ಹತ್ತಿರ ಬಂದಿತೆಂದರೆ ಮನೆಯೊಡತಿಗೆ ಎರಡು ಚಿಂತೆ. ಅಟ್ಟದ ಮೇಲಿನ ಗೊಂಬೆಗಳನ್ನು ಇಳಿಸಿ ಧೂಳು ಒರೆಸುವುದು ಒಂದು; ಗೊಂಬೆ ನೋಡಲು ಬರುವವರ ಕಣ್ಣಿಗೆ ನಮ್ಮ ಮನೆ ಹೇಗೆ ಕಂಡೀತು ಎಂಬುದು ಇನ್ನೊಂದು. ಗೋಡೆ ಮಾಸಿದೆ, ಪರದೆ ಹಳೆಯದಾಗಿದೆ, ನಡುಮನೆಯಲ್ಲಿ ಅಂದವಾದ ವಸ್ತು ಒಂದೂ ಇಲ್ಲ ಎಂದು ನಾವು ಅಂದುಕೊಳ್ಳುವ ಹೊತ್ತಿಗೆ ಸರಿಯಾಗಿ ಅಂಗಡಿಗಳಲ್ಲಿ ಹಬ್ಬದ ಮಾರಾಟ ಮೊದಲಾಗುತ್ತದೆ. ಈ ಸಲ ಅಂಗಡಿಗೆ ಬಂದಿರುವ ಹೊಸ ಸಾಮಾನುಗಳ ವಿಷಯ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದಾರೆ. ಹೇಳುತ್ತೇನೆ. ಆದರೆ ಹೊಸದೆಂದು ಮಾರುತ್ತಿರುವುದರಲ್ಲಿ ಎಷ್ಟು ಭಾಗ ನಮ್ಮ ಅಟ್ಟದಿಂದಲೇ ಇಳಿದು ಹೋದದ್ದು ಎಂಬುದನ್ನೂ ಜೊತೆಗೆ ಹೇಳದೆ ಬಿಡಲಾರೆ.

ಪೇಟೆಯ ದೊಡ್ಡ ಅಂಗಡಿಗೆ ಹೋಗಿ ನೋಡಿ. ಗಾಜಿನ ಕಪಾಟಿನೊಳಗೆ, ದೀಪದ ಬೆಳಕಿನಲ್ಲಿ, ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕುಳಿತಿರುವುದು ಯಾವುದು? ಹಿತ್ತಾಳೆ. ಅಗಲ ಬಾಯಿಯ ತಪ್ಪಲೆಗೆ ನೀರು ತುಂಬಿ ಸೇವಂತಿಗೆ ತೇಲಿಬಿಟ್ಟಿದ್ದಾರೆ. ಅದಕ್ಕೆ ಉರುಳಿ ಎಂಬ ಮಲೆಯಾಳದ ಹೆಸರು ಕೊಟ್ಟಿದ್ದಾರೆ. ಬಿಂದಿಗೆಯೊಳಗೆ ಒಣಹುಲ್ಲಿನ ತೆನೆಗಳನ್ನು ನಿಲ್ಲಿಸಿದ್ದಾರೆ. ಅಕ್ಕಿ ಅಳೆಯುವ ಸೇರು ಪಾವುಗಳು ಪೆನ್ಸಿಲು ಇಡುವ ಪಾತ್ರೆಗಳಾಗಿವೆ. ನೀರು ಕಾಯಿಸುವ ಹಂಡೆಯಲ್ಲಿ ಒಂದು ಗಿಡವಿದೆ. ಎಲೆ ಅಡಿಕೆಯ ಪೆಟ್ಟಿಗೆ ಒಡವೆಯ ಪೆಟ್ಟಿಗೆಯಾಗಿದೆ. ನೋಡಲು ಚೆನ್ನಾಗಿಯೇ ಇವೆ, ಸುಳ್ಳೇಕೆ? ಬೆಲೆಯ ಚೀಟಿಯನ್ನು ತಿರುಗಿಸಿ ನೋಡಿದಾಗ ಮಾತ್ರ ಎದೆ ಒಂದು ಗಳಿಗೆ ಝಲ್ಲೆನ್ನುತ್ತದೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದದ್ದನ್ನು ಕೇಳಿ. ಹಳೆಯ ಪಾತ್ರೆ ಕೊಳ್ಳುವವನು ಬಾಗಿಲಿಗೆ ಬಂದ. ಸೊಸೆ ಒಳಗಿನಿಂದ ದೊಡ್ಡದೊಂದು ಕೊಳಗವನ್ನು ತಂದಳು. “ಅತ್ತೆ, ಇದನ್ನು ಎತ್ತುವವರಿಲ್ಲ, ಬೆಳಗುವವರಿಲ್ಲ. ಕೊಟ್ಟುಬಿಡಲೇ?” ಎಂದಳು. ಅತ್ತೆ ಮಾತನಾಡಲಿಲ್ಲ. “ಅಮ್ಮಾ, ತೂಕಕ್ಕೆ ಸರಿಯಾದ ಬೆಲೆ ಕಟ್ಟಿ ಕೊಡ್ತೀನಿ” ಎಂದು ಅವನು ತಕ್ಕಡಿಗೆ ಹಾಕಿಯೇ ಬಿಟ್ಟ. ಕೊಳಗ ಹೋಯಿತು, ಅಂಟದ ಬಾಣಲೆಗಳೆರಡು ಬಂದವು. ಮರುವರ್ಷ ಅದೇ ಸೊಸೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಅಂಥದೇ ಕೊಳಗವನ್ನು ಕಂಡು ಬೆಲೆ ಕೇಳಿ ಬಂದಳು. ಆ ದಿನವೂ ಅತ್ತೆ ಮಾತನಾಡಲಿಲ್ಲವಂತೆ. ಬಾಣಲೆಗಳ ಕಪ್ಪು ಲೇಪ ಆ ವೇಳೆಗೆ ಎದ್ದು ಹೋಗಿತ್ತು.

ತೂಕಕ್ಕೆ ಕೊಡುವುದೆಂದರೆ ಏನೆಂದು ಯೋಚಿಸಿ. ತಕ್ಕಡಿಗೆ ಲೋಹ ಮಾತ್ರ ಕಾಣುತ್ತದೆ. ಅದರ ಮೇಲೆ ಬಿದ್ದ ಸುತ್ತಿಗೆಯ ಪೆಟ್ಟು, ಕಂಠದ ತಿರುವು, ಅಜ್ಜಿಯ ಹೆಸರಿನ ಕೆತ್ತನೆ ಇವಕ್ಕೆ ತೂಕವಿಲ್ಲ. ಒಳ್ಳೆಯ ಆಕಾರದ ಪಾತ್ರೆಯಾದರೆ ಯಾರಾದರೊಬ್ಬ ವ್ಯಾಪಾರಿ ಬೇರೆ ತೆಗೆದಿಟ್ಟು ಅಲಂಕಾರದ ಅಂಗಡಿಗೆ ಕಳುಹಿಸುತ್ತಾನೆ. ಉಳಿದದ್ದು ಕುಲುಮೆಗೆ ಹೋಗುತ್ತದೆ. 1960-70ರ ದಶಕಗಳಿಂದ ಈಚೆಗೆ ಸ್ಟೀಲಿನ ಪಾತ್ರೆಗಾಗಿ ಎಷ್ಟು ಮನೆಗಳ ಹಿತ್ತಾಳೆ ಹೀಗೆ ಕರಗಿತೋ ಲೆಕ್ಕವಿಟ್ಟವರಿಲ್ಲ. ಸ್ಟೀಲನ್ನು ನಾನು ಹಳಿಯುವುದಿಲ್ಲ. ಹುಳಿಗೆ ಹೆದರದ, ಕಲಾಯಿ ಬೇಡದ, ಹಗುರವಾದ ಪಾತ್ರೆ ಹೆಂಗಸರ ತೋಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಅಡುಗೆಗೆ ಅದೇ ಇರಲಿ. ಆದರೆ ನಡುಮನೆಯ ಅಂದಕ್ಕೆಂದು ಹಣ ತೆಗೆಯುವ ಮೊದಲು ಒಮ್ಮೆ ಏಣಿ ಹಾಕಿ ಅಟ್ಟ ಹತ್ತಿ ನೋಡಿ ಎಂಬುದಷ್ಟೆ ನನ್ನ ಮಾತು.

ನಮ್ಮ ಹಾಸನ ಜಿಲ್ಲೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣವುಂಟು. ಹಳೆಯ ಗ್ಯಾಸೆಟಿಯರುಗಳು ಈ ಜಿಲ್ಲೆಯ ಕೈಗಾರಿಕೆಗಳನ್ನು ಹೇಳುವಾಗ ಶ್ರವಣಬೆಳಗೊಳದ ಹಿತ್ತಾಳೆ ಪಾತ್ರೆಯನ್ನು ಹೆಸರಿಸುತ್ತವೆ. ಜೈನರಲ್ಲಿ ಬೋಗಾರರೆಂಬುವರು ತಲೆತಲಾಂತರದಿಂದ ತಾಮ್ರ ಹಿತ್ತಾಳೆಯ ಕೆಲಸವನ್ನೂ ವ್ಯಾಪಾರವನ್ನೂ ನಡೆಸಿದವರು. ಹೊರಗಿನವರಿಗೆ ಬೆಳಗೊಳವೆಂದರೆ ಸುಮಾರು 58 ಅಡಿಯ ಗೊಮ್ಮಟ, ಬಿಳಿಯ ಕೊಳ, ಬೆಟ್ಟದ ಮೆಟ್ಟಲು. ಸುತ್ತಿನ ಹಳ್ಳಿಯವರಿಗೆ ಬೆಳಗೊಳವೆಂದರೆ ಪಾತ್ರೆಯೂ ಹೌದು. ಪಕ್ಕದ ಮಂಡ್ಯ ಜಿಲ್ಲೆಯ ನಾಗಮಂಗಲವೂ ಎರಕದ ಕೆಲಸಕ್ಕೆ, ದೇವರ ವಿಗ್ರಹ ಪ್ರಭಾವಳಿಗಳಿಗೆ ಹೆಸರಾದ ಊರು.

ಬೆಳಗೊಳಕ್ಕೆ ಈಗ ಹೋಗಿ ಬರುವುದೂ ಸುಲಭ. ಬೆಂಗಳೂರಿನಿಂದ ಹಾಸನದವರೆಗಿನ ನೇರ ರೈಲು ಮಾರ್ಗ 2017ರಲ್ಲಿ ತೆರೆಯಿತು. ಬೆಳಗೊಳ ಆ ದಾರಿಯಲ್ಲೇ ಸಿಕ್ಕುತ್ತದೆ. ಬೆಟ್ಟದ ಬುಡದ ಅಂಗಡಿಗಳಲ್ಲಿ ಯಾತ್ರಿಕರಿಗೆಂದು ಇಟ್ಟದ್ದೆಲ್ಲ ಸ್ಥಳದಲ್ಲೇ ಆದದ್ದೆಂದು ತಿಳಿಯಬೇಡಿ. ಉತ್ತರಪ್ರದೇಶದ ಮೊರಾದಾಬಾದಿನ ಹಿತ್ತಾಳೆ ಇಡೀ ದೇಶಕ್ಕೆ ಹರಿದು ಬರುತ್ತದೆ. ಎತ್ತರದ ಕಾಲುದೀಪಗಳಲ್ಲಿ ಅನೇಕವು ಕುಂಭಕೋಣದ ಬಳಿಯ ನಾಚ್ಚಿಯಾರ್‌ಕೋವಿಲಿನವು. ಅವೂ ಒಳ್ಳೆಯ ಕೆಲಸವೇ. “ಇದು ಎಲ್ಲಿ ಆದದ್ದಪ್ಪ?” ಎಂದು ಕೇಳಿಕೊಂಡು ಕೊಳ್ಳಿ, ಅಷ್ಟೆ. ಕೇಳುವವರಿದ್ದಾರೆಂದು ತಿಳಿದರೆ ಅಂಗಡಿಯವನೂ ತಿಳಿದುಕೊಂಡು ಹೇಳುತ್ತಾನೆ.

ಇನ್ನು ಪರೀಕ್ಷೆಯ ವಿಷಯ. ಕಬ್ಬಿಣದ ತಗಡಿಗೆ ಹೊಂಬಣ್ಣ ಏರಿಸಿ ಹಿತ್ತಾಳೆಯೆಂದು ಮಾರುವುದು ಈಗ ಸಾಮಾನ್ಯ. ಮಕ್ಕಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರಲ್ಲ, ಆ ಆಟಿಕೆಯ ಅಯಸ್ಕಾಂತವೊಂದನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ. ಪಾತ್ರೆಗೆ ಮುಟ್ಟಿಸಿ. ಹಿಡಿದುಕೊಂಡರೆ ಒಳಗಿರುವುದು ಕಬ್ಬಿಣ. ಹಿತ್ತಾಳೆ ತಾಮ್ರ ಸತುಗಳ ಬೆರಕೆ, ಕಂಚು ತಾಮ್ರ ತವರಗಳ ಬೆರಕೆ. ಎರಡನ್ನೂ ಅಯಸ್ಕಾಂತ ಎಳೆಯುವುದಿಲ್ಲ. ಒಳ್ಳೆಯ ಕಂಚನ್ನು ಬೆರಳಿನಿಂದ ತಟ್ಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಗಂಟೆ ಜಾಗಟೆಗಳನ್ನು ಅದರಿಂದ ಮಾಡುವುದು ಸುಮ್ಮನೆ ಅಲ್ಲ. ಕೈಯಲ್ಲಿ ಬಡಿದ ಬಿಂದಿಗೆಯಾದರೆ ಹೊಟ್ಟೆಯ ಸುತ್ತ ಬೆಸುಗೆಯ ಗೆರೆ ಕಾಣುತ್ತದೆ. ಹಳೆಯ ಕೆಲಸದಲ್ಲಿ ಆ ಗೆರೆ ಹಲ್ಲು ಹಲ್ಲಾಗಿ ಒಂದರೊಳಗೊಂದು ಕಚ್ಚಿಕೊಂಡಿರುತ್ತದೆ. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಆದುದರಿಂದ ಮತ್ತೆ ಮತ್ತೆ ಕಾಸಿ ಮೆದು ಮಾಡಿಕೊಂಡು ಮತ್ತೆ ಬಡಿಯಬೇಕು. ಒಂದು ಬಿಂದಿಗೆ ಎಷ್ಟು ಸಲ ಬೆಂಕಿ ಕಂಡಿರುತ್ತದೆ ಎಂದು ನೆನೆದರೆ ತೂಕದ ಬೆಲೆ ಎಷ್ಟು ಅನ್ಯಾಯವೆಂಬುದು ತಿಳಿಯುತ್ತದೆ.

ಅಟ್ಟದಿಂದ ಇಳಿಸಿದ ಪಾತ್ರೆ ಕಪ್ಪಾಗಿದೆ, ಹಸಿರು ಕಿಲುಬು ಕಟ್ಟಿದೆ ಎನ್ನುವಿರಾ? ಹುಣಿಸೆಹಣ್ಣು ನೆನೆಹಾಕಿ ಚಿಟಿಕೆ ಉಪ್ಪು ಬೆರೆಸಿ ಉಜ್ಜಿ. ಚೆನ್ನಾಗಿ ತೊಳೆದು ಒಣ ಬಟ್ಟೆಯಲ್ಲಿ ನೀರಿನ ಪಸೆ ಉಳಿಯದಂತೆ ಒರೆಸಿ. ಒರೆಸದೆ ಬಿಟ್ಟರೆ ಎರಡನೆಯ ದಿನಕ್ಕೆ ಕಲೆ ಬೀಳುತ್ತದೆ, ಹುಣಿಸೆಯನ್ನು ಬಯ್ಯುತ್ತೀರಿ. ಹೊಸ ಅಲಂಕಾರದ ಸಾಮಾನಿಗೆ ಮಾತ್ರ ಹುಣಿಸೆ ಬೇಡ. ಕಂದದಿರಲೆಂದು ಅವುಗಳ ಮೇಲೆ ತೆಳುವಾದ ಮೆರುಗೆಣ್ಣೆ ಬಳಿದಿರುತ್ತಾರೆ. ಉಜ್ಜಿದರೆ ಅದು ತೇಪೆ ತೇಪೆಯಾಗಿ ಎದ್ದು ಬರುತ್ತದೆ. ಒದ್ದೆ ಬಟ್ಟೆ ಸಾಕು.

ಒಂದು ಮಾತು ಮರೆಯಬಾರದು. ಹಿತ್ತಾಳೆಯನ್ನು ಅಲಂಕಾರಕ್ಕೆ ಇಟ್ಟುಕೊಂಡವರು ಹಬ್ಬದ ದಿನ ಉತ್ಸಾಹದಿಂದ ಅದರಲ್ಲೇ ಹುಳಿಯನ್ನವನ್ನೋ ಮಜ್ಜಿಗೆಹುಳಿಯನ್ನೋ ಬಡಿಸಲು ಹೊರಡುತ್ತಾರೆ. ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ಸೋಕಬಾರದು. ಕಲಾಯಿ ಹಾಕಿಸುವುದಾದರೆ ಶುದ್ಧ ತವರದಲ್ಲೇ ಹಾಕಿಸಿ. ಅಗ್ಗಕ್ಕೆಂದು ತವರಕ್ಕೆ ಸೀಸ ಬೆರೆಸುವುದುಂಟು; ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಸಾರು ಕುದಿಸುವ ಈಯದ ಚೊಂಬನ್ನು ಕೊಳ್ಳುವಾಗಲೂ ಇದೇ ಎಚ್ಚರಿಕೆ.

ಕಲಾಯಿಯವರು ಎಲ್ಲಿದ್ದಾರೆ ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಹೂಡಿ, ಪಾತ್ರೆಯನ್ನು ಕೆಂಪಗೆ ಕಾಸಿ, ನವಸಾಗರ ಚೆಲ್ಲಿ, ಬಿಳಿಯ ಹೊಗೆ ಬುಸ್ಸೆಂದು ಏಳುತ್ತಿರುವಾಗಲೇ ತವರದ ಕಡ್ಡಿ ಮುಟ್ಟಿಸಿ, ಅರಳೆಯ ಮುದ್ದೆಯಿಂದ ಒಂದೇ ಬೀಸಿಗೆ ಒಳಮೈಯೆಲ್ಲ ಬೆಳ್ಳಗೆ ಮಾಡುತ್ತಿದ್ದ ಕಲಾಯಿ ಸಾಬರನ್ನು ನಮ್ಮ ಮಕ್ಕಳು ಕಂಡಿಲ್ಲ. ತವರ 232 ಡಿಗ್ರಿಗೆ ಕರಗುತ್ತದೆ. ಆ ಶಾಖವನ್ನು ಅವರು ಕಣ್ಣಳತೆಯಲ್ಲಿ ಹಿಡಿಯುತ್ತಿದ್ದರು. ಒಂದು ಮನೆಯ ಒಂದು ಪಾತ್ರೆಗಾಗಿ ಅವರು ಬೀದಿಗೆ ಬಂದು ಕುಲುಮೆ ಹೂಡಲಾರರು. ನಿಮ್ಮ ಬೀದಿಯ ನಾಲ್ಕೈದು ಮನೆಯವರು ಸೇರಿ ಇಪ್ಪತ್ತು ಪಾತ್ರೆ ಒಟ್ಟುಮಾಡಿ, ಊರಿನ ಹಳೆಯ ಪಾತ್ರೆ ಅಂಗಡಿಯಲ್ಲಿ ವಿಚಾರಿಸಿ ಹೇಳಿಕಳುಹಿಸಿ. ಹಬ್ಬದ ವಾರದಲ್ಲಿ ಅಲ್ಲ, ಹಬ್ಬಕ್ಕೆ ಮೂರು ವಾರ ಮುಂಚೆ.

ಹೂ ತೇಲಿಬಿಡುವ ಪಾತ್ರೆಯ ಬಗ್ಗೆಯೂ ಒಂದು ಸೂಚನೆ. ಅಂದವೆಂದು ಅದೇ ನೀರನ್ನು ವಾರಗಟ್ಟಲೆ ಬಿಡಬೇಡಿ. ಡೆಂಗ್ಯೂ ಹರಡುವ ಸೊಳ್ಳೆ ಚರಂಡಿಯಲ್ಲಲ್ಲ, ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುವುದು. ವಾರ ಹತ್ತು ದಿನದಲ್ಲಿ ರೆಕ್ಕೆ ಮೂಡಿ ಹಾರುತ್ತದೆ. ದಿನವೂ ನೀರು ಬದಲಾಯಿಸಿ, ಒಳಮೈ ಉಜ್ಜಿ. ಕೈಲಾಗದಿದ್ದರೆ ನೀರು ಬೇಡ, ಒಣ ಪಾತ್ರೆಯಲ್ಲಿ ಹಣ್ಣು ಜೋಡಿಸಿಡಿ.

ಪಾತ್ರೆ ನೋಡಲು ಬೆಳಗೊಳಕ್ಕೆ ಹೋದವರು ಭಂಡಾರಿ ಬಸದಿಯ ಪಕ್ಕದ ಜೈನ ಮಠದ ಒಳಗೋಡೆಗಳನ್ನೂ ನೋಡಿ ಬನ್ನಿ. ಗೋಡೆಯ ಅಲಂಕಾರವೆಂದರೆ ಏನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಹತ್ತಿರದಲ್ಲಿ ಬೇರೊಂದಿಲ್ಲ. ತೀರ್ಥಂಕರರ ಕಥೆಗಳಿವೆ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವಿದೆ. ನನಗೆ ಬಹಳ ಇಷ್ಟವಾದದ್ದು ಆರು ಲೇಶ್ಯೆಗಳ ಮರ. ಹಸಿದ ಆರು ಮಂದಿ ಹಣ್ಣಿನ ಮರದ ಬಳಿಗೆ ಬಂದಿದ್ದಾರೆ. ಒಬ್ಬ ಮರವನ್ನೇ ಬುಡಸಹಿತ ಕಡಿಯಲು ಹೊರಟಿದ್ದಾನೆ, ಒಬ್ಬ ಕೊಂಬೆಯನ್ನು, ಒಬ್ಬ ರೆಂಬೆಯನ್ನು. ಕೊನೆಯವನು ಕೆಳಗೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಮನಸ್ಸಿನ ಒಂದೊಂದು ಗುಣಕ್ಕೂ ಜೈನರು ಒಂದೊಂದು ಬಣ್ಣ ಹೇಳಿದ್ದಾರೆ, ಕಪ್ಪಿನಿಂದ ಬಿಳುಪಿನವರೆಗೆ. ಬಣ್ಣದ ಅಂಗಡಿಯವರು ಕೊಡುವ ನೂರಾರು ಬಣ್ಣಗಳ ಪಟ್ಟಿಯನ್ನು ಹಿಡಿದು ತಲೆಕೆಡಿಸಿಕೊಂಡಾಗಲೆಲ್ಲ ನನಗೆ ಆ ಮರ ನೆನಪಾಗುತ್ತದೆ. ಹಣ್ಣು ಸಿಕ್ಕುವುದಾದರೆ ಮರವನ್ನೇಕೆ ಕಡಿಯಬೇಕು? ನಾಲ್ಕು ಗೋಡೆಯನ್ನೂ ಕೆರೆದು ಹೊಸ ಬಣ್ಣ ಹೊಡೆಸುವ ಬದಲು ಬಾಗಿಲಿಗೆ ಎದುರಾದ ಒಂದು ಗೋಡೆಗೆ ಮಾತ್ರ ಬಣ್ಣ ಮಾಡಿಸಿ, ಅದರ ಮೇಲೆ ಒಂದೇ ಒಂದು ಚಿತ್ರ ತೂಗುಹಾಕಿ. ಮದುವೆಯ ಭಾವಚಿತ್ರ, ಶಾಲೆಯ ಪ್ರಶಸ್ತಿ, ಬ್ಯಾಂಕಿನ ಕ್ಯಾಲೆಂಡರು, ಗಡಿಯಾರ ಇವು ನಾಲ್ಕೂ ಒಂದೇ ಗೋಡೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದರೆ ಎಷ್ಟು ದುಬಾರಿ ಬಣ್ಣವಾದರೂ ಸೋಲುತ್ತದೆ.

ಅಲ್ಲೇ ಅಕ್ಕನ ಬಸದಿಯೂ ಇದೆ. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಅದರ ತಿರುಗಣಿ ಕಂಬಗಳ ನುಣುಪನ್ನು ಕೈಯಿಂದ ಮುಟ್ಟದೆ ಕಣ್ಣಿನಿಂದಲೇ ನೋಡಿ. ಕಲ್ಲನ್ನು ತಿರುಗಿಸುತ್ತಾ ಉಳಿ ಹಿಡಿದು ಬಳೆ ಬಳೆಯಾಗಿ ಕಡೆದದ್ದು. ಇದೇ ಕಡೆತದ ಕೆಲಸವನ್ನು ಮರದಲ್ಲಿ ಮಾಡುವವರು ಚನ್ನಪಟ್ಟಣದವರು. ನಮ್ಮ ಚನ್ನರಾಯಪಟ್ಟಣವಲ್ಲ, ಬೆಂಗಳೂರು ಮೈಸೂರು ಹಾದಿಯ ಚನ್ನಪಟ್ಟಣ. ಹೆಸರಿನ ಈ ಗೊಂದಲದಿಂದ ಬೊಂಬೆ ಕೊಳ್ಳಲು ನಮ್ಮೂರಿನಲ್ಲಿ ಬಸ್ಸಿಳಿದ ಪರಸ್ಥಳದವರೂ ಉಂಟು. ಆ ಊರಿನವರು ಈಗ ಮಕ್ಕಳ ಆಟಿಕೆಗಷ್ಟೇ ನಿಂತಿಲ್ಲ. ದೀಪದ ಕಂಬ, ಪರದೆಯ ಗುಂಡಿ, ಉಂಗುರದ ಡಬ್ಬಿ, ಮೇಣದ ಬತ್ತಿಯ ನಿಲುವು, ಬಾಗಿಲ ಹಿಡಿ ಎಲ್ಲವನ್ನೂ ಮಾಡುತ್ತಾರೆ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಬಣ್ಣದ ಡಬ್ಬಿ, ಕುಂಚ ಯಾವುದೂ ಇಲ್ಲ. ಅರಗಾದುದರಿಂದ ಬಿಸಿ ಪಾತ್ರೆಯನ್ನು ಅದರ ಮೇಲೆ ಇಡಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರಿನಿಂದ ಒರೆಸಲೂಬೇಡಿ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ.

ಬೀದರಿನ ಬಿದರಿ ಕೆಲಸದ ಚಿಕ್ಕ ಹೂದಾನಿಯನ್ನು ಕೊಳ್ಳುವ ಶಕ್ತಿಯಿದ್ದವರು ಒಂದನ್ನು ಕೊಳ್ಳಿ, ಹತ್ತು ಬೇಡ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರಿನ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಮ್ಮ ಕಲಾಯಿಯ ನವಸಾಗರವೇ ಅಲ್ಲಿ ಬೇರೊಂದು ವಿದ್ಯೆಗೆ ಒದಗಿದೆ, ನೋಡಿ. ಇದಕ್ಕೂ ಹುಣಿಸೆ ಸೋಕಿಸಬೇಡಿ. ಒಂದು ತೊಟ್ಟು ಕೊಬ್ಬರಿ ಎಣ್ಣೆಯಲ್ಲಿ ಒರೆಸಿದರೆ ಸಾಕು. ರಾಜ್ಯದ ಕರಕುಶಲ ನಿಗಮ 1964ರಲ್ಲಿ ಆರಂಭವಾದದ್ದು. ಕಾವೇರಿ ಎಂಬ ಹೆಸರಿನ ಅದರ ಮಳಿಗೆಗಳಲ್ಲಿ ಇವನ್ನೆಲ್ಲ ನೋಡಿ ಬೆಲೆಯನ್ನು ತಿಳಿದುಕೊಂಡರೆ ಬೇರೆಡೆ ಮೋಸ ಹೋಗುವ ಭಯವಿರುವುದಿಲ್ಲ.

ಬಟ್ಟೆಯ ಮಾತಿಗೆ ಬಂದರೆ, ಈಚೆಗೆ ಗುಳೇದಗುಡ್ಡದ ಖಣ ರವಿಕೆಯನ್ನು ಬಿಟ್ಟು ದಿಂಬು, ತೋರಣ, ಮೇಜಿನ ನಡುಪಟ್ಟಿಗಳ ಮೇಲೆ ಬಂದು ಕುಳಿತಿದೆ. ಖಣದ ಅಗಲ ಕಿರಿದು. ಅದನ್ನು ಪರದೆ ಮಾಡಲು ಹೋದರೆ ಹೊಲಿಗೆಯೇ ಕಾಣುತ್ತದೆ, ಅಂಚಿಗೆ ಬಳಸಿ. ಅಜ್ಜಿಯ ಇಳಕಲ್ ಸೀರೆಯ ಒಡಲು ಹರಿದಿದ್ದರೂ ಸೆರಗು ಗಟ್ಟಿಯಿರುತ್ತದೆ. ಗೊಂಬೆಯ ಮೆಟ್ಟಲಿನ ಹಿಂದಿನ ಗೋಡೆಗೆ ಅದನ್ನು ಇಳಿಬಿಟ್ಟರೆ ಬೇರೆ ಹಿನ್ನೆಲೆ ಬೇಡ. ನೆಲಕ್ಕೆ ನವಲಗುಂದದ ಜಮಖಾನ ಹಾಸಿ. ಅದು 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿತು. ಮಗ್ಗದಲ್ಲಿ ಕುಳಿತು ನೇಯುವವರು ಹೆಂಗಸರು. ಅಚ್ಚು ಹಾಕಿದ ನಕಲಿಯನ್ನು ತಿಳಿಯುವುದು ಸುಲಭ. ಮಗುಚಿ ನೋಡಿ. ನೇಯ್ದದ್ದಾದರೆ ಹಿಂದೆಯೂ ಮುಂದೆಯೂ ಅದೇ ನವಿಲು, ಅದೇ ಪಗಡೆಯ ಹಾಸು. ಬಾಗಿಲ ಮುಂದೆ ಪ್ಲಾಸ್ಟಿಕ್ಕಿನ ಕಾಲೊರಸು ಏಕೆ? ಅರಸೀಕೆರೆ ಚನ್ನರಾಯಪಟ್ಟಣಗಳ ತೆಂಗಿನ ಸೀಮೆಯಲ್ಲಿದ್ದುಕೊಂಡು ನಾರಿನ ಕಾಲೊರಸನ್ನು ಬಿಟ್ಟವರನ್ನು ಏನೆನ್ನಬೇಕೋ ನನಗೆ ತಿಳಿಯದು.

ದೊಡ್ಡ ಸಾಮಾನಿಲ್ಲವೆಂದು ಕೊರಗುವವರಿಗೆ ಗುಳ್ಳಕಾಯಜ್ಜಿಯ ಕಥೆ ಗೊತ್ತೇ ಇದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಪಾದದವರೆಗೆ ಇಳಿಯಲಿಲ್ಲವಂತೆ. ಅಜ್ಜಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ಹಾಲು ಮೈಯೆಲ್ಲ ತೋಯಿಸಿತಂತೆ. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕದಲ್ಲಿ 1008 ಕಲಶಗಳ ವೈಭವವನ್ನು ನೋಡಿ ಬಂದವರೂ, ಎದುರಿಗೆ ನಿಂತ ಆ ಅಜ್ಜಿಯ ವಿಗ್ರಹದ ಮುಂದೆ ಒಂದು ಕ್ಷಣ ನಿಂತೇ ಬಂದಿರುತ್ತಾರೆ. ಚಿಕ್ಕ ಮನೆಯ ನಡುಮನೆಗೆ ಒಂದು ಚೊಂಬು, ಒಂದು ಹೂವಿನ ಗೊಂಚಲು ಸಾಕೆಂದು ಹೇಳಲು ನನಗೆ ಸಂಕೋಚವಿಲ್ಲ. ರೇಡಿಯೋ ಪೆಟ್ಟಿಗೆ ಇನ್ನೂ ಇಟ್ಟುಕೊಂಡಿರುವ ಮನೆಯವರು ಆ ಚೊಂಬನ್ನು ರೇಡಿಯೋ ಮೇಲೆ ಮಾತ್ರ ಇಡಬೇಡಿ. ಹೂವಿನ ನೀರು ಚೆಲ್ಲಿದರೆ ಮುಂದಿನ ತಿಂಗಳ ಭಾಷಣ ನಿಮಗೆ ಕೇಳಿಸದು.

ಇಷ್ಟೆಲ್ಲ ಸಜ್ಜು ಮಾಡಿದ ಮೇಲೆ ಬೆಳಕು ಸರಿಯಿಲ್ಲದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಬೆಳ್ಳನೆಯ ಕೊಳವೆ ದೀಪದ ಕೆಳಗೆ ಹಿತ್ತಾಳೆ ಕಾಮಾಲೆ ಹಿಡಿದಂತೆ ಕಾಣುತ್ತದೆ. ಎಲ್.ಇ.ಡಿ. ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ 2700 ಅಥವಾ 3000 ಕೆ ಎಂದು ಬರೆದಿರುವುದನ್ನು ಕೇಳಿ. ಅದರ ಬೆಳಕು ಹಳದಿ. 6500 ಎಂದಿರುವುದು ಓದುವ ಮೇಜಿಗೆ ಇರಲಿ. ಬಲ್ಬನ್ನು ಪಾತ್ರೆಯ ನೆತ್ತಿಯ ಮೇಲೆ ಹಾಕದೆ ಪಕ್ಕದಿಂದ, ತುಸು ತಗ್ಗಿನಿಂದ ಬರುವಂತೆ ಮಾಡಿ. ಆಗ ಸುತ್ತಿಗೆಯ ಒಂದೊಂದು ಪೆಟ್ಟಿನ ಗುರುತೂ ಬೇರೆ ಬೇರೆ ಮಿನುಗುತ್ತದೆ. ಎಣ್ಣೆಯ ದೀಪ ಹಚ್ಚುವವರು ಪರದೆಯಿಂದ ಎರಡು ಮಾರು ದೂರವಿಟ್ಟು, ಬತ್ತಿ ಎಳೆಯಲು ಚಿಕ್ಕ ಮಕ್ಕಳನ್ನು ಬಿಡದೆ ಹಚ್ಚಿ. ಗೊಂಬೆ ನೋಡಲು ಬಂದವರಿಗೆ ಸಕ್ಕರೆ ಕಡ್ಲೆ ಕೊಡುವ ತಟ್ಟೆ ಬೆಳಗಿಸಿದ್ದೀರೋ ಇಲ್ಲವೋ, ಅದನ್ನೂ ಇವತ್ತೇ ನೋಡಿಕೊಳ್ಳಿ.